ಹಬ್ಬದ ಬೆಣ್ಣೆ ಬಿಸ್ಕತ್ತು: ರುಚಿಯ ಹಿಂದಿನ ಲೆಕ್ಕ

ಹಬ್ಬಗಳ ಕಾಲ ಬಂತೆಂದರೆ ಬೇಕರಿ ವರ್ತಕರಿಗೆ ಬಿಡುವಿಲ್ಲದ ದಿನಗಳು. ದಸರಾ, ದೀಪಾವಳಿ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ ಹೀಗೆ ಒಂದರ ಬೆನ್ನಿಗೊಂದು ಬರುವ ಸಂದರ್ಭಗಳಲ್ಲಿ ನಂಜನಗೂಡು, ತಿ. ನರಸೀಪುರಗಳಂತಹ ಊರುಗಳ ಬೇಕರಿಗಳಲ್ಲಿ ಭಟ್ಟಿ ಬೆಳಗಿನ ಜಾವಕ್ಕೇ ಕಾಯುತ್ತದೆ. ಕೇಕು, ಸಿಹಿತಿಂಡಿಗಳ ಸಡಗರದ ನಡುವೆಯೂ ತನ್ನ ಸ್ಥಾನವನ್ನು ಬಿಟ್ಟುಕೊಡದ ಪದಾರ್ಥವೊಂದಿದೆ. ಅದು ಹಸಿಮೆಣಸಿನಕಾಯಿ, ಕರಿಬೇವು, ಮೆಣಸು, ಜೀರಿಗೆ ಬೆರೆತ ಬೆಣ್ಣೆ ಖಾರ ಬಿಸ್ಕತ್ತು. ಬೀಗರ ಮನೆಗೆ ಹೋಗುವವರೂ ಇದನ್ನು ಅರ್ಧ ಕಿಲೋ ಕಟ್ಟಿಸಿಕೊಳ್ಳುತ್ತಾರೆ. ಮಕ್ಕಳು ಓದುತ್ತಿರುವ ಹಾಸ್ಟೆಲಿಗೆ ಹೊರಟವರೂ ಕಟ್ಟಿಸಿಕೊಳ್ಳುತ್ತಾರೆ.

ಮಾರಾಟವೇನೋ ಭರ್ಜರಿಯಾಗಿ ನಡೆಯುತ್ತದೆ. ಆದರೆ ಹಬ್ಬ ಮುಗಿದ ಮೇಲೆ ಗಲ್ಲಾಪೆಟ್ಟಿಗೆಯನ್ನು ಎಣಿಸಿ ನೋಡುವ ಅನೇಕ ಮಾಲೀಕರಿಗೆ ಒಂದು ಪ್ರಶ್ನೆ ಉಳಿದುಹೋಗುತ್ತದೆ. ಇಷ್ಟೊಂದು ಸರಕು ಹೋಯಿತು, ಹಣ ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಬೆಣ್ಣೆಯಲ್ಲಿದೆ. ಉಳಿದದ್ದು ಭಟ್ಟಿಯ ಗಂಟೆಗಳಲ್ಲಿ ಮತ್ತು ತೆರಿಗೆಯ ಆಯ್ಕೆಯಲ್ಲಿದೆ.

ಮೂಲ ಮತ್ತು ಪರಂಪರೆ

ಹಳೆಯ ಮೈಸೂರು ಸೀಮೆಯ ಬೇಕರಿಗಳ ಇತಿಹಾಸದಲ್ಲಿ ಮೊದಲು ಕೇಳಿಬರುವ ಹೆಸರು ಬೆಂಗಳೂರು ಚಿಕ್ಕಪೇಟೆಯ ಬೆಂಗಳೂರು ಬ್ರದರ್ಸ್ ಬೇಕರಿಯದು. ಹಾಸನ ಸೀಮೆಯ ಎಚ್. ಎಸ್. ತಿರುಮಲಾಚಾರ್ ಅವರು 1898ರಲ್ಲಿ ಇದನ್ನು ಆರಂಭಿಸಿದರೆಂದು ಹೇಳಲಾಗುತ್ತದೆ. ಮುಂದೆ ಅದೇ ಹಾಸನದ ಕಡೆಯ ಅನೇಕ ಕುಟುಂಬಗಳು ಈ ಕಸುಬನ್ನು ಹಿಡಿದು ಊರೂರಿಗೆ ಹರಡಿದವು. ಅಯ್ಯಂಗಾರ್ ಬೇಕರಿ ಎಂಬುದು ಒಂದು ಬಗೆಯ ರುಚಿಯ ಹೆಸರೇ ಆಯಿತು. ಮೊಟ್ಟೆಯಿಲ್ಲದ ತಯಾರಿಕೆ ಇವುಗಳ ಹೆಗ್ಗುರುತು. ವಿಲಾಯತಿಯ ಸಿಹಿ ಬಿಸ್ಕತ್ತಿನ ಹಿಟ್ಟಿಗೆ ನಮ್ಮ ಒಗ್ಗರಣೆಯ ಸಾಮಗ್ರಿಯನ್ನು ಬೆರೆಸಿದ್ದು ಸಣ್ಣ ಸಾಧನೆಯಲ್ಲ.

ಹಬ್ಬಕ್ಕೆ ಮಸಾಲೆಯ ಬೆಣ್ಣೆ ಬಿಸ್ಕತ್ತು ಸುಡುವ ರೂಢಿ ನಮಗೆ ಮಾತ್ರ ಮೀಸಲಲ್ಲ. ಹಾಲೆಂಡಿನಲ್ಲಿ ಡಿಸೆಂಬರ್ ಮೊದಲ ವಾರದ ಸಂತ ನಿಕೋಲಸರ ಹಬ್ಬಕ್ಕೆ ದಾಲ್ಚಿನ್ನಿ, ಲವಂಗ, ಜಾಯಿಕಾಯಿ, ಶುಂಠಿ ಬೆರೆಸಿದ ಸ್ಪೆಕ್ಯುಲಾಸ್ ಎಂಬ ಬಿಸ್ಕತ್ತನ್ನು ಮಾಡುತ್ತಾರೆ. ಆ ಮಸಾಲೆಗಳು ಅವರ ಅಡುಗೆಮನೆ ಸೇರಿದ್ದು ಡಚ್ ವರ್ತಕರ ಹಡಗುಗಳ ಮೂಲಕ. ಸೂರತ್ತಿನಲ್ಲಿ ಡಚ್ಚರು ಬಿಟ್ಟುಹೋದ ಬೇಕರಿಯೊಂದರಿಂದ ಏಲಕ್ಕಿಯ ನಾನ್‌ಖಟಾಯಿ ಹುಟ್ಟಿತೆಂಬ ಪ್ರತೀತಿಯೂ ಇದೆ. ವ್ಯಾಪಾರದ ದಾರಿಯಲ್ಲಿಯೇ ರುಚಿಯೂ ನಡೆದು ಬಂದಿದೆ ಎನ್ನಬಹುದು.

ಹದ

ಬಿಸ್ಕತ್ತಿನ ಗುಣಮಟ್ಟ ತೀರ್ಮಾನವಾಗುವುದು ಓವನ್ನಿಗಿಂತ ಮೊದಲೇ, ಕಲಸುವ ಹಂತದಲ್ಲಿ. ಬೆಣ್ಣೆ ಕರಗಿರಬಾರದು, ಕಲ್ಲಿನಂತೆಯೂ ಇರಬಾರದು. ಬೆರಳೊತ್ತಿದರೆ ಗುರುತು ಉಳಿಯುವಷ್ಟು ಮೆತ್ತಗಿರಬೇಕು. ಬೆಣ್ಣೆ ಮತ್ತು ಪುಡಿ ಸಕ್ಕರೆಯನ್ನು ಹಗುರಾಗುವವರೆಗೆ ನಾದಿ, ಬಳಿಕ ಮೊಸರು, ಉಪ್ಪು, ಸಣ್ಣಗೆ ಹೆಚ್ಚಿದ ಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪು, ತರಿಯಾಗಿ ಕುಟ್ಟಿದ ಮೆಣಸು ಮತ್ತು ಜೀರಿಗೆಯನ್ನು ಸೇರಿಸಿ, ಕೊನೆಯಲ್ಲಿ ಮೈದಾ ಹಾಕಲಾಗುತ್ತದೆ. ಮೈದಾ ಬಿದ್ದ ಮೇಲೆ ಹೆಚ್ಚು ನಾದಿದರೆ ಬಿಸ್ಕತ್ತು ಗಡುಸಾಗುತ್ತದೆ. ಚಪಾತಿ ಹಿಟ್ಟನ್ನು ನಾದಿ ಅಭ್ಯಾಸವಾದ ಹೊಸ ಕೆಲಸಗಾರರು ಮಾಡುವ ಮೊದಲ ತಪ್ಪು ಇದೇ.

ಸೊಪ್ಪು ತೊಳೆದ ನೀರು ಪೂರ್ತಿ ಆರಿರಬೇಕು. ಹಿಟ್ಟನ್ನು ಅರ್ಧ ಗಂಟೆ ತಂಪಿನಲ್ಲಿಟ್ಟು, ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ ಸುಮಾರು 160ರಿಂದ 170 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಡುವುದು ವಾಡಿಕೆ. ಶಾಖ ಹೆಚ್ಚಾದರೆ ಮೇಲೆ ಕೆಂಪಾಗಿ ಒಳಗೆ ಹಸಿ ಉಳಿಯುತ್ತದೆ. ಇನ್ನು ಹಬ್ಬದ ಅವಸರದಲ್ಲಿ ಆಗುವ ದೊಡ್ಡ ನಷ್ಟ ಬಿಸಿಯಾಗಿರುವಾಗಲೇ ಪ್ಯಾಕ್ ಮಾಡುವುದರಿಂದ. ಒಳಗೆ ಹಬೆ ನಿಂತು ಮೂರನೆಯ ದಿನಕ್ಕೆ ಬಿಸ್ಕತ್ತು ಮೆತ್ತಗಾಗುತ್ತದೆ. ಮಾರಿದ ಸರಕು ಹಿಂದಿರುಗಿ ಬರುತ್ತದೆ. ಹಾಗೆ ಬಂದುದನ್ನು ಲೆಕ್ಕದಲ್ಲಿ ತೋರಿಸುವ ಅಂಗಡಿಗಳು ವಿರಳ.

ಒಂದು ಕಿಲೋ ಬಿಸ್ಕತ್ತಿನ ಅಸಲು

ವಿಷಯವನ್ನು ಸ್ಪಷ್ಟಪಡಿಸಲು ಒಂದು ಮಾದರಿ ಲೆಕ್ಕವನ್ನು ನೋಡಬಹುದು. ಇಲ್ಲಿರುವ ದರಗಳು ವಿವರಣೆಗಾಗಿ ಇಟ್ಟುಕೊಂಡವು, ತೆರಿಗೆಯನ್ನು ಹೊರತುಪಡಿಸಿದವು; ಪ್ರತಿಯೊಬ್ಬರೂ ತಮ್ಮ ಖರೀದಿ ಬಿಲ್ಲಿನ ದರವನ್ನು ಹಾಕಿಕೊಳ್ಳತಕ್ಕದ್ದು.

10 ಕಿಲೋ ಮೈದಾಕ್ಕೆ 400 ರೂ., 5 ಕಿಲೋ ಬೆಣ್ಣೆಗೆ ಕಿಲೋಗೆ 520ರಂತೆ 2,600 ರೂ., ಸಕ್ಕರೆಗೆ 70 ರೂ., ಮೊಸರಿಗೆ 50 ರೂ., ಮೆಣಸಿನಕಾಯಿ ಮತ್ತು ಸೊಪ್ಪಿಗೆ 110 ರೂ., ಮೆಣಸು, ಜೀರಿಗೆ, ಉಪ್ಪು ಮುಂತಾದವಕ್ಕೆ 70 ರೂ. ಒಟ್ಟು 3,300 ರೂ. ಹಿಟ್ಟಿನ ತೂಕ ಹದಿನೆಂಟು ಕಿಲೋ ದಾಟಿದರೂ ನೀರಿನಂಶ ಆವಿಯಾಗಿ, ಮುರುಕು ಕಳೆದು, ಮಾರಾಟಕ್ಕೆ ಸಿಗುವುದು 15 ಕಿಲೋ ಎಂದಿಟ್ಟುಕೊಂಡರೆ ಕಿಲೋಗೆ ಸಾಮಗ್ರಿಯ ವೆಚ್ಚ 220 ರೂ. ಅನೇಕರು ಹಿಟ್ಟಿನ ತೂಕದ ಮೇಲೆ ಅಸಲು ಕಟ್ಟುತ್ತಾರೆ. ಆ ಲೆಕ್ಕದಲ್ಲಿ ಕಿಲೋಗೆ ಸುಮಾರು 40 ರೂ. ಭಟ್ಟಿಯಲ್ಲಿಯೇ ಹಾರಿಹೋಗುತ್ತದೆ.

ಇದರ ಮೇಲೆ ಕೂಲಿ 25 ರೂ., ಗ್ಯಾಸು 12 ರೂ., ಪ್ಯಾಕಿಂಗ್ 14 ರೂ., ಬಾಡಿಗೆ, ವಿದ್ಯುತ್, ಸಾಲದ ಬಡ್ಡಿ, ಸಾಗಣೆ ಇತ್ಯಾದಿಗೆ 19 ರೂ. ಸೇರಿದರೆ ಅಸಲು 290 ರೂ. ಆಗುತ್ತದೆ. ತೆರಿಗೆ ಸೇರಿ 360 ರೂ.ಗೆ ಮಾರಿದರೆ, ಶೇ. 5ರ ತೆರಿಗೆ ಕಳೆದು ಉಳಿಯುವುದು 343 ರೂ.; ಲಾಭ 53 ರೂ. ಮಾಲೀಕನ ಮತ್ತು ಆತನ ಮನೆಯವರ ದುಡಿಮೆಗೆ ಇದರಲ್ಲಿ ಚಿಕ್ಕಾಸನ್ನೂ ಹಿಡಿದಿಲ್ಲ. ಮನೆಯವರೆಲ್ಲ ರಾತ್ರಿ ಹನ್ನೊಂದರವರೆಗೆ ಕುಳಿತು ಪೊಟ್ಟಣ ಕಟ್ಟುವ ಉದ್ದಿಮೆಯಲ್ಲಿ ಇದು ಸಣ್ಣ ಲೋಪವಲ್ಲ.

ಈಗ ಪಕ್ಕದ ಅಂಗಡಿಯನ್ನು ನೋಡಬಹುದು. ಅಲ್ಲಿ ಬೆಣ್ಣೆಯ ಬದಲು ವನಸ್ಪತಿ ಬಳಸಲಾಗುತ್ತದೆ ಎಂದುಕೊಳ್ಳಬಹುದು. ಬೆಣ್ಣೆಯಲ್ಲಿ ಕೊಬ್ಬಿನಂಶ ಕನಿಷ್ಠ ಶೇ. 80 ಇರುತ್ತದೆ, ಉಳಿದುದರಲ್ಲಿ ಹೆಚ್ಚಿನದು ನೀರು. ಆದ್ದರಿಂದ 5 ಕಿಲೋ ಬೆಣ್ಣೆಯ ಕೆಲಸವನ್ನು 4 ಕಿಲೋ ವನಸ್ಪತಿ ಮಾಡುತ್ತದೆ. ಕಿಲೋಗೆ 150ರಂತೆ 600 ರೂ. 2,600 ರೂ. ಇದ್ದ ಬಾಬ್ತು 600ಕ್ಕೆ ಇಳಿಯುತ್ತದೆ. ಸಾಮಗ್ರಿಯ ವೆಚ್ಚ ಕಿಲೋಗೆ 87 ರೂ., ಅಸಲು 157 ರೂ. ಆತ 240 ರೂ.ಗೆ ಮಾರಿದರೂ ತೆರಿಗೆ ಕಳೆದು 72 ರೂ. ಉಳಿಯುತ್ತದೆ. ಅಂದರೆ ಬೆಣ್ಣೆ ಹಾಕಿದವನಿಗಿಂತ 120 ರೂ. ಅಗ್ಗವಾಗಿ ಮಾರಿ, 19 ರೂ. ಹೆಚ್ಚು ಲಾಭ ಮಾಡುತ್ತಾನೆ. ಎರಡು ಅಂಗಡಿಗಳ ಡಬ್ಬಿಯ ಮೇಲೂ ಬೆಣ್ಣೆ ಬಿಸ್ಕತ್ತು ಎಂದೇ ಬರೆದಿದ್ದರೆ ಗ್ರಾಹಕ ಎತ್ತ ತಿರುಗುತ್ತಾನೆಂಬುದನ್ನು ಹೇಳಬೇಕಾಗಿಲ್ಲ.

ಹೆಸರಿನ ಹೊಣೆ

ವನಸ್ಪತಿ ಬಳಸುವುದು ಅಪರಾಧವಲ್ಲ. ಬಳಸಿ ಬೆಣ್ಣೆ ಎಂದು ಬರೆಯುವುದು ಬೇರೆ ವಿಷಯ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ, 2006ರ ಪ್ರಕಾರ ಪದಾರ್ಥದ ಸ್ವರೂಪದ ಬಗ್ಗೆ ತಪ್ಪು ತಿಳಿವಳಿಕೆ ಕೊಡುವ ಲೇಬಲ್ ಅಂಟಿಸಿದ ಆಹಾರ ತಪ್ಪು ಬ್ರಾಂಡಿನ ಆಹಾರವೆನಿಸಿಕೊಳ್ಳಬಹುದು. 52ನೆಯ ಕಲಮಿನಡಿ ದಂಡ 3 ಲಕ್ಷ ರೂ.ವರೆಗೆ ಇದೆ. ಇದಲ್ಲದೆ 2022ರ ಜನವರಿ 1ರಿಂದ ಆಹಾರ ಪದಾರ್ಥದಲ್ಲಿನ ಎಣ್ಣೆ ಮತ್ತು ಕೊಬ್ಬಿನಲ್ಲಿ ಕೈಗಾರಿಕಾ ಟ್ರಾನ್ಸ್ ಫ್ಯಾಟ್ ಶೇ. 2ನ್ನು ಮೀರುವಂತಿಲ್ಲ. ಬಿಲ್ಲಿಲ್ಲದೆ ಕೊಂಡ ಬಿಡಿ ವನಸ್ಪತಿಯಲ್ಲಿ ಇದನ್ನು ಸಾಬೀತುಪಡಿಸುವ ಬಗೆಯೇ ಇಲ್ಲ.

ಹೆಸರಿನ ಬೆಲೆ ಏನೆಂಬುದನ್ನು ನಂಜನಗೂಡಿನವರಿಗೆ ಬೇರೆಯವರು ಕಲಿಸಬೇಕಾಗಿಲ್ಲ. ಬಿ. ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಊರಿನ ಹೆಸರನ್ನೇ ಹೊತ್ತು ನಾಡಿನಾದ್ಯಂತ ಮನೆಮಾತಾಯಿತು. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಬೇರೆ ಕಡೆಯ ಹಣ್ಣನ್ನು ಆ ಹೆಸರಿನಲ್ಲಿ ಮಾರಿದರೆ ರೈತರು ಸುಮ್ಮನಿರುವುದಿಲ್ಲ. ಬೆಣ್ಣೆ ಎಂಬ ಶಬ್ದಕ್ಕೆ ಮಾತ್ರ ಅಂತಹ ಕಾವಲುಗಾರರು ಕಡಿಮೆ.

ಎರಡು ಬಗೆಯನ್ನೂ ಮಾಡುವ ಬೇಕರಿಗಳು ವನಸ್ಪತಿಯದನ್ನು ಕೇವಲ ಖಾರ ಬಿಸ್ಕತ್ತು ಎಂದು, ಬೆಣ್ಣೆಯದನ್ನು ಬೆಣ್ಣೆ ಖಾರ ಬಿಸ್ಕತ್ತು ಎಂದು ಬೇರೆ ಬೇರೆ ಡಬ್ಬಿಗಳಲ್ಲಿ, ಬೇರೆ ಬೆಲೆಗೆ ಇಡುವುದು ಉತ್ತಮ ಮಾರ್ಗ. ಅಕ್ಕಪಕ್ಕದಲ್ಲಿಟ್ಟಾಗ ಬೆಲೆಯ ಅಂತರಕ್ಕೆ ಕಾರಣ ತಾನಾಗಿಯೇ ತಿಳಿಯುತ್ತದೆ. ಪೊಟ್ಟಣದ ಮೇಲೆ ಸಾಮಗ್ರಿಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ನಮೂದಿಸುವುದು, ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ ಮತ್ತು ನಿವ್ವಳ ತೂಕ ಬರೆಯುವುದು ಹೇಗೂ ಕಡ್ಡಾಯ. ನಿವ್ವಳ ತೂಕವೆಂದರೆ ರಟ್ಟಿನ ಡಬ್ಬಿ ಬಿಟ್ಟು ಉಳಿದ ತೂಕ. ಹಬ್ಬದ ದಿನಗಳಲ್ಲಿ ತಕ್ಕಡಿಯ ಮೇಲೆ ಇದು ಮರೆತುಹೋಗುವುದುಂಟು.

ಭಟ್ಟಿಯ ಗಂಟೆಗಳು

ನಂಜನಗೂಡು ಮತ್ತು ತಿ. ನರಸೀಪುರ ಒಂದೇ ಹೆದ್ದಾರಿಯ ಮೇಲಿವೆ. ಕೋಯಿಕ್ಕೋಡಿನಿಂದ ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ತಿ. ನರಸೀಪುರದ ಮೂಲಕ ಕೊಳ್ಳೇಗಾಲಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 766 ಇದು. ಹಿಂದೆ 212 ಎಂದಿತ್ತು. ಆದರೂ ಎರಡು ಊರುಗಳ ಹಬ್ಬದ ಗಿರಾಕಿಗಳು ಒಂದೇ ಬಗೆಯವರಲ್ಲ. ನಂಜನಗೂಡಿನ ದಾರಿಯಲ್ಲಿ ಡಿಸೆಂಬರ್ ರಜೆಗೆ ಊಟಿಗೆ, ವಯನಾಡಿಗೆ ಹೋಗುವ ಪ್ರವಾಸಿಗಳಿದ್ದಾರೆ; ಶ್ರೀಕಂಠೇಶ್ವರನ ಭಕ್ತರು ವರ್ಷವಿಡೀ ಇದ್ದಾರೆ. ತಿ. ನರಸೀಪುರ ತಾಲ್ಲೂಕಿನಲ್ಲಿ ತಲಕಾಡು ಮತ್ತು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸೋಮನಾಥಪುರ ಇವೆ. ಕಾವೇರಿ, ಕಪಿಲೆಯರ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ಎಂಬ ಕ್ರಮದಲ್ಲಿ ಕುಂಭಮೇಳ ನಡೆಯುತ್ತ ಬಂದಿದೆ. 2022ರಲ್ಲಿ ಕೊರೋನಾ ಕಾರಣದಿಂದ ನಡೆಯದೆ, 2025ರ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ಮೇಳಕ್ಕೆ ಬರುವವರು ಕೈಯಲ್ಲಿ ಹಿಡಿದು ತಿನ್ನುವ ನೂರು ಗ್ರಾಮಿನ ಪೊಟ್ಟಣ ಕೇಳುತ್ತಾರೆಯೇ ಹೊರತು ಉಡುಗೊರೆಯ ಡಬ್ಬಿಯನ್ನಲ್ಲ. ಮೂರು ದಿನದ ಜನಸಂದಣಿಯನ್ನು ನಂಬಿ ತಿಂಗಳ ಸರಕು ತಯಾರಿಸಿಟ್ಟರೆ ಕಷ್ಟ.

ಹಬ್ಬದ ಸಮಯದಲ್ಲಿ ಚಿಲ್ಲರೆ ಅಂಗಡಿಯವರೂ ಬೇಕರಿಗೆ ಬಂದು ಶೇ. 20ರ ರಿಯಾಯಿತಿಯಲ್ಲಿ ಸರಕು ಕೇಳುತ್ತಾರೆ. 360ರ ಬಿಸ್ಕತ್ತನ್ನು 288ಕ್ಕೆ ಕೊಟ್ಟರೆ ತೆರಿಗೆ ಕಳೆದು ಸಿಗುವುದು 274 ರೂ. ಅಸಲು 290. ಕಿಲೋಗೆ 16 ರೂ. ನಷ್ಟ! ಬಾಡಿಗೆ, ಸಂಬಳ ಹೇಗೂ ಕೊಡಬೇಕಲ್ಲ, ಬಂದಷ್ಟು ಬರಲಿ ಎಂಬುದು ಮಾಲೀಕರ ಸಾಮಾನ್ಯ ಸಮಾಧಾನ. ಈ ವಾದ ಪೂರ್ತಿ ತಪ್ಪೇನೂ ಅಲ್ಲ. ಸಾಮಗ್ರಿ, ಗ್ಯಾಸು, ಪ್ಯಾಕಿಂಗ್ ಸೇರಿ ನೇರ ವೆಚ್ಚ 246 ರೂ. ಮಾತ್ರ. ಆಷಾಢದಲ್ಲಿ ಭಟ್ಟಿ ಅರ್ಧ ದಿನ ಖಾಲಿ ಇದ್ದಾಗ 274ಕ್ಕೆ ಕೊಟ್ಟರೂ ಕಿಲೋಗೆ 28 ರೂ. ಬಾಡಿಗೆ, ಸಂಬಳದ ಕಡೆಗೆ ಒದಗುತ್ತದೆ.

ಆದರೆ ದೀಪಾವಳಿ, ಕ್ರಿಸ್‌ಮಸ್ಸಿನ ವಾರದಲ್ಲಿ ಭಟ್ಟಿ ಖಾಲಿ ಇರುವುದಿಲ್ಲ. ಆಗ ನಿಜವಾಗಿ ಕೊರತೆಯಿರುವುದು ಗಿರಾಕಿಗಲ್ಲ, ಭಟ್ಟಿಯ ಗಂಟೆಗೆ. ಗಂಟೆಗೆ 12 ಕಿಲೋ ಬಿಸ್ಕತ್ತು ಹೊರಬರುವ ಓವನ್ನಿನಲ್ಲಿ, ಸ್ವಂತ ಗಲ್ಲೆಯಲ್ಲಿ ಮಾರುವ ಸರಕು ನೇರ ವೆಚ್ಚ ಕಳೆದು ಗಂಟೆಗೆ 1,164 ರೂ. ಉಳಿಸಿದರೆ, ಚಿಲ್ಲರೆ ಅಂಗಡಿಗೆ ಕೊಡುವ ಸರಕು 336 ರೂ. ಉಳಿಸುತ್ತದೆ. ಗಲ್ಲೆಯ ಮುಂದೆ ಗಿರಾಕಿ ನಿಂತಿರುವಾಗ ಆತನ ಪಾಲಿನ ಸರಕನ್ನು ಟ್ರೇಯಲ್ಲಿ ಹೊರಗೆ ಕಳಿಸುವುದೆಂದರೆ ಪ್ರತಿ ಗಂಟೆಗೂ 828 ರೂ. ಬಿಟ್ಟುಕೊಟ್ಟಂತೆ. ಅದೂ ಉದ್ದರಿ, ಸಂಕ್ರಾಂತಿ ಕಳೆದ ಮೇಲೆ ವಸೂಲಿ. ವರ್ಷವಿಡೀ ಖಾಯಂ ಖರೀದಿಸುವ ಅಂಗಡಿಯವರಿಗೆ ಹಬ್ಬದಲ್ಲಿ ಇಲ್ಲವೆನ್ನುವುದು ನ್ಯಾಯವಲ್ಲ, ವಿವೇಕವೂ ಅಲ್ಲ. ಹಬ್ಬಕ್ಕೆ ಮಾತ್ರ ಮುಖ ತೋರಿಸುವವರ ವಿಷಯ ಬೇರೆ.

ಕೇರಳಕ್ಕೆ ಸರಕು ಕಳಿಸುವವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಂಡೀಪುರದ ಮೂಲಕ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ವಾಹನ ಸಂಚಾರ ನಿಷೇಧ 2009ರಿಂದ ಇದೆ. ಸಂಜೆಯ ಭಟ್ಟಿಯ ಸರಕು ಮಾರನೆಯ ದಿನವೇ ಗಡಿ ದಾಟಲು ಸಾಧ್ಯ.

ತೆರಿಗೆಯ ಹೊಸ ಲೆಕ್ಕ

2025ರ ಸೆಪ್ಟೆಂಬರ್ 22ರಂದು ಮೈಸೂರಿನಲ್ಲಿ ದಸರಾ ಉದ್ಘಾಟನೆಯಾಯಿತು. ಅದೇ ದಿನ ಬಿಸ್ಕತ್ತಿನ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ. 18ರಿಂದ 5ಕ್ಕೆ, ಬೆಣ್ಣೆ ಮತ್ತು ತುಪ್ಪದ ಮೇಲಿನದು ಶೇ. 12ರಿಂದ 5ಕ್ಕೆ ಇಳಿಯಿತು. ಬಹಳಷ್ಟು ವರ್ತಕರು ಬೆಲೆ ಪಟ್ಟಿಯನ್ನು ತಿದ್ದಿ ಸುಮ್ಮನಾದರು. ಆದರೆ ಕಾಂಪೊಸಿಷನ್ ಎಂದು ರೂಢಿಯಲ್ಲಿ ಕರೆಯುವ ರಾಜಿ ತೆರಿಗೆಯಲ್ಲಿರುವ ಬೇಕರಿಗಳಿಗೆ ಈ ಬದಲಾವಣೆಯಿಂದ ಇಡೀ ಲೆಕ್ಕವೇ ತಿರುಗಿದೆ.

ವಾರ್ಷಿಕ ವಹಿವಾಟು ಒಂದೂವರೆ ಕೋಟಿ ರೂ. ಮೀರದ ತಯಾರಕರು ರಾಜಿ ಪದ್ಧತಿಯಲ್ಲಿ ವಹಿವಾಟಿನ ಶೇ. 1ರಷ್ಟು ತೆರಿಗೆ ಕಟ್ಟಿದರೆ ಸಾಕು. ಆದರೆ ಖರೀದಿಯ ಮೇಲೆ ತೆತ್ತ ತೆರಿಗೆ ಹಿಂದಿರುಗದು. ಮೇಲಿನ ಮಾದರಿಯಲ್ಲಿ ಹಳೆಯ ದರದಂತೆ 360 ರೂ. ಬಿಸ್ಕತ್ತಿನ ಮೇಲೆ ಸಾಮಾನ್ಯ ಪದ್ಧತಿಯಲ್ಲಿ ಸುಮಾರು 55 ರೂ. ತೆರಿಗೆ ಬೀಳುತ್ತಿತ್ತು. ರಾಜಿ ಪದ್ಧತಿಯಲ್ಲಿ 3.60 ರೂ. ಜೊತೆಗೆ ಬೆಣ್ಣೆ, ಪ್ಯಾಕಿಂಗ್, ಗ್ಯಾಸು ಮುಂತಾದವುಗಳ ಮೇಲೆ ತೆತ್ತು ಕಳೆದುಕೊಂಡ ಸುಮಾರು 26 ರೂ. ಸೇರಿ 30 ರೂ. ಒಳಗೇ ಇರುತ್ತಿತ್ತು. ರಾಜಿಯೇ ಲಾಭಕರ ಎಂಬುದರಲ್ಲಿ ಅನುಮಾನವಿರಲಿಲ್ಲ.

ಹೊಸ ದರದಲ್ಲಿ ಸಾಮಾನ್ಯ ಪದ್ಧತಿಯ ಹೊರೆ 17 ರೂ. ರಾಜಿ ಪದ್ಧತಿಯಲ್ಲಿ 3.60ರ ಜೊತೆಗೆ ಕಳೆದುಹೋಗುವ ಖರೀದಿ ತೆರಿಗೆ ಸುಮಾರು 14 ರೂ.; ಒಟ್ಟು ಅದೂ 17ರ ಆಸುಪಾಸೇ. ವನಸ್ಪತಿ ಬಳಸುವವರಿಗೆ ಖರೀದಿ ತೆರಿಗೆ ಕಡಿಮೆಯಾದುದರಿಂದ ರಾಜಿಯ ಅನುಕೂಲ ಇನ್ನೂ ಉಳಿದಿದೆ. ನಿಜವಾದ ಬೆಣ್ಣೆ ಹಾಕುವವರಿಗೆ ಉಳಿದಿಲ್ಲ. ಅವರು ಸಾಮಾನ್ಯ ಪದ್ಧತಿಗೆ ಬಂದರೆ ರಾಜಿಯಲ್ಲಿ ನಿಷಿದ್ಧವಾದ ಅಂತರರಾಜ್ಯ ಮಾರಾಟಕ್ಕೂ ದಾರಿ ತೆರೆಯುತ್ತದೆ. ಸುಲ್ತಾನ್ ಬತ್ತೇರಿಯ ಅಂಗಡಿಗೆ ನಂಜನಗೂಡಿನಿಂದ ಡಬ್ಬಿ ಕಳಿಸುವವರಿಗೆ ಇದು ಸಣ್ಣ ಮಾತಲ್ಲ. ಲೆಕ್ಕಪತ್ರ ಇಡುವ ಮತ್ತು ರಿಟರ್ನ್ ಸಲ್ಲಿಸುವ ಕೆಲಸ ಹೆಚ್ಚುತ್ತದೆ ಎಂಬುದೂ ಅಷ್ಟೇ ನಿಜ.

ಇನ್ನೂ ನೋಂದಣಿಯನ್ನೇ ಮಾಡಿಸದವರಿಗೆ 2025ರ ಜುಲೈ ನೆನಪಿರಬಹುದು. ಯುಪಿಐ ಮೂಲಕ ಬಂದ ಹಣದ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಿಂದ ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟೀಸುಗಳು ಬಂದು ದೊಡ್ಡ ಪ್ರತಿಭಟನೆಯೇ ಆಯಿತು. ಸರಕಿನ ವ್ಯಾಪಾರಿಗಳಿಗೆ ನೋಂದಣಿಯ ಮಿತಿ 40 ಲಕ್ಷ ರೂ. ಬಿಸ್ಕತ್ತಿನ ಜೊತೆಗೆ ಬ್ರೆಡ್ಡು, ಹಾಲು ಮಾರುವವರು ತೆರಿಗೆಯಿಲ್ಲದ ಆ ಮಾರಾಟವನ್ನೂ ಈ ಮಿತಿಗೆ ಸೇರಿಸಿ ಎಣಿಸಬೇಕೆಂಬುದು ಅನೇಕರಿಗೆ ತಿಳಿದದ್ದೇ ಆಗ.

ಬೆಣ್ಣೆಯ ಖರೀದಿ

ಸಂತೆಯಲ್ಲಿ ಸಿಗುವ ಹಳ್ಳಿಯ ಬೆಣ್ಣೆಗೆ ಸೊಗಸಾದ ಪರಿಮಳವಿದೆ. ಆದರೆ ನೀರಿನಂಶ ಒಂದೊಂದು ಉಂಡೆಗೆ ಒಂದೊಂದು ಬಗೆ, ಹುಳಿಯೂ ಹಾಗೆಯೇ. ಈ ವಾರದ ಬಿಸ್ಕತ್ತು ಕಳೆದ ವಾರದಂತಿರುವುದಿಲ್ಲ, ಬಿಲ್ಲೂ ಇರುವುದಿಲ್ಲ. ನಂದಿನಿಯಂತಹ ಒಕ್ಕೂಟದ ಬೆಣ್ಣೆಯಲ್ಲಿ ಕೊಬ್ಬಿನ ಪ್ರಮಾಣ ನಿಶ್ಚಿತ, ಬಿಲ್ಲು ನಿಶ್ಚಿತ. ಹಬ್ಬದ ದಿನಗಳಲ್ಲಿ ತುಪ್ಪಕ್ಕೂ ಬೇಡಿಕೆ ಏರುವುದರಿಂದ ಬೇಕಾದಷ್ಟು ಬೆಣ್ಣೆಯನ್ನು ಮುಂಚಿತವಾಗಿ ಕೊಂಡು ಡೀಪ್ ಫ್ರೀಜರಿನಲ್ಲಿಡುವುದು ಒಳ್ಳೆಯ ಕ್ರಮವೇ. 200 ಕಿಲೋ ಎಂದರೆ 1,04,000 ರೂ. ಬಂಡವಾಳ. ಶೇ. 12ರ ಓವರ್‌ಡ್ರಾಫ್ಟಿನಲ್ಲಿ ಎರಡು ತಿಂಗಳಿಗೆ ಬಡ್ಡಿ 2,080 ರೂ., ಕಿಲೋಗೆ ಹತ್ತು ರೂ.ಗಿಂತ ತುಸು ಹೆಚ್ಚು. ಬೆಲೆ ಅದಕ್ಕಿಂತ ಹೆಚ್ಚು ಏರುವ ನಿರೀಕ್ಷೆಯಿದ್ದರೆ ಕೊಳ್ಳಬಹುದು. ಇಲ್ಲದಿದ್ದರೆ ವಾರದ ಖರೀದಿಯೇ ಲೇಸು.

ನಂಜನಗೂಡಿನ ದೊಡ್ಡ ಜಾತ್ರೆ ಸಾಮಾನ್ಯವಾಗಿ ಮಾರ್ಚ್ ಕೊನೆ ಇಲ್ಲವೆ ಏಪ್ರಿಲ್ ಮೊದಲ ಭಾಗದಲ್ಲಿ ಬರುತ್ತದೆ. ಪಂಚಮಹಾರಥಗಳನ್ನು ಎಳೆಯುವ ದಿನಗಳಿಗಾಗಿ ಬೇಕರಿಗಳು ಬೆಣ್ಣೆ ಕೂಡಿಡುವ ಹೊತ್ತಿಗೇ ಆರ್ಥಿಕ ವರ್ಷವೂ ಮುಗಿಯುತ್ತದೆ. ಮುಂದಿನ ವರ್ಷಕ್ಕೆ ರಾಜಿ ಪದ್ಧತಿಯನ್ನು ಆಯ್ದುಕೊಳ್ಳುವವರು ಮಾರ್ಚ್ 31ರೊಳಗೆ ಸಿಎಂಪಿ-02 ಫಾರಂ ಸಲ್ಲಿಸಬೇಕು. ರಾಜಿಯಿಂದ ಸಾಮಾನ್ಯ ಪದ್ಧತಿಗೆ ಬರುವವರು ಹಿಂದಿನ ದಿನ ದಾಸ್ತಾನಿನಲ್ಲಿದ್ದ ಸಾಮಗ್ರಿಯ ಮೇಲಿನ ತೆರಿಗೆಯನ್ನು ಐಟಿಸಿ-01 ಫಾರಂ ಮೂಲಕ 30 ದಿನಗಳೊಳಗೆ ಕೇಳಿ ಪಡೆಯಬಹುದು. ಬಿಲ್ಲು ಒಂದು ವರ್ಷಕ್ಕಿಂತ ಹಳೆಯದಾಗಿರಬಾರದು. ಆದ್ದರಿಂದ ಅಂದು ರಾತ್ರಿ ಅಂಗಡಿ ಮುಚ್ಚುವ ಮೊದಲು ಫ್ರೀಜರಿನಲ್ಲಿರುವ ಬೆಣ್ಣೆಯನ್ನು ತೂಗಿ, ಮೈದಾ ಚೀಲಗಳನ್ನು ಎಣಿಸಿ, ಬಿಲ್ಲುಗಳೊಡನೆ ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಡತಕ್ಕದ್ದು.